ಕೊನೆಯ ಸಾಲಿನ ಕಿವಿ

ಎರಡು ವರ್ಷಗಳ ಹಿಂದೆ ಪುಣೆಯಲ್ಲಿ ನಮ್ಮ ಬಳಗ ಆಡಿದ ಐತಿಹಾಸಿಕ ನಾಟಕವೊಂದರ ಮೂರನೆಯ ಅಂಕ. ಮಂತ್ರಿಯ ಪಾತ್ರಧಾರಿ ದೊರೆಯ ಕಡೆಗೆ ತಿರುಗಿ ಪ್ರೇಕ್ಷಕರಿಗೆ ಬೆನ್ನು ಹಾಕಿದರು. ಆ ಕ್ಷಣವೇ ಅವರ ಬಾಯಿಂದ ಅಚ್ಚ ಮರಾಠಿ ಹೊರಟಿತು. ಊಟ ಸಿದ್ಧವಾಗಿದೆ, ಗಂಡಿನ ಕಡೆಯವರು ಮೊದಲ ಪಂಕ್ತಿಗೆ ಬರಬೇಕು ಎಂಬ ಆಹ್ವಾನ ಅದು. ಪಕ್ಕದ ಸಭಾಂಗಣದಲ್ಲಿ ಮದುವೆಯಿತ್ತು; ಅಲ್ಲಿನ ನಿರೂಪಕರ ಕಾರ್ಡ್‌ಲೆಸ್ ಮೈಕೂ ನಮ್ಮ ಮಂತ್ರಿಯ ಕಾಲರ್ ಮೈಕೂ ಒಂದೇ ತರಂಗಾಂತರದಲ್ಲಿದ್ದವು. ಸಭೆ ನಕ್ಕಿತು. ಮಂತ್ರಿ ನಗಲಿಲ್ಲ. ಅವರು ಧಾರವಾಡ ಸೀಮೆಯವರು, ಎಂಬತ್ತರ ಹತ್ತಿರದವರು. ಉಳಿದ ದೃಶ್ಯವನ್ನು ಮೈಕು ಮುಚ್ಚಿಸಿ, ಬರಿಯ ಗಂಟಲಿನಲ್ಲೇ ನಡೆಸಿದರು. ಆಮೇಲೆ ಬಣ್ಣ ಒರೆಸಿಕೊಳ್ಳುತ್ತ ನನಗೆ ಹೇಳಿದ್ದು ಇಷ್ಟೇ: “ತಮ್ಮಾ, ನನ್ನ ಬಾಯಾಗ ಇನ್ನೊಬ್ಬಾಂವ ಮಾತಾಡಿದ್ದು ಇದ ಮೊದಲ್ನೇ ಸಲ ನೋಡು.”

ಆ ಮಾತು ನನ್ನನ್ನು ಬಿಡಲಿಲ್ಲ. ನಟನ ದನಿ ನಟನ ಮೈಯಿಂದ ಯಾವಾಗ ಬೇರೆಯಾಯಿತು ಎಂದು ಹುಡುಕಿಕೊಂಡು ಹೋದರೆ ದಾರಿ ದೂರದ ಊರುಗಳಿಗೆ ಹೋಗುತ್ತದೆ ಎಂದುಕೊಂಡಿದ್ದೆ. ಅದು ನಾನು ದಿನವೂ ಕಚೇರಿಗೆ ಹೋಗುವ ಬೀದಿಗಳಲ್ಲೇ ಸುತ್ತಾಡಿತು.

ಮರಾಠಿ ರಂಗಭೂಮಿ ತನ್ನ ಹುಟ್ಟನ್ನು 1843ರಿಂದ ಎಣಿಸುತ್ತದೆ. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳದ ಆಟವನ್ನು ಸಾಂಗ್ಲಿಯಲ್ಲಿ ಕಂಡ ದೊರೆ ಚಿಂತಾಮಣರಾವ್ ಪಟವರ್ಧನರು ಅಂಥದೊಂದು ಮರಾಠಿಯಲ್ಲೂ ಬೇಕೆಂದರು. ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ ಆಡಿಸಿದರು. ಮುಂದೆ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರ ಅಕ್ಟೋಬರ್ 31ರಂದು ಪುಣೆಯ ಆನಂದೋದ್ಭವ ನಾಟ್ಯಗೃಹದಲ್ಲಿ ‘ಶಾಕುಂತಲ’ದ ಮೊದಲ ನಾಲ್ಕು ಅಂಕಗಳನ್ನು ರಂಗಕ್ಕೆ ತಂದರು. ಸಂಗೀತ ನಾಟಕ ಹುಟ್ಟಿದ್ದು ಹೀಗೆ. ನಮ್ಮವರು ಕೊಟ್ಟದ್ದನ್ನು ಎಣಿಸುವ ಹೆಮ್ಮೆ ಹೊರನಾಡ ಕನ್ನಡಿಗರಾದ ನಮಗೆ ಸ್ವಲ್ಪ ಹೆಚ್ಚೇ ಇದೆಯೆಂಬುದನ್ನು ಒಪ್ಪುತ್ತೇನೆ. ಇಲ್ಲಿ ನನಗೆ ಬೇಕಾದದ್ದು ಬೇರೆ ಸಂಗತಿ: ಆ ಸಂಜೆ ಶಕುಂತಲೆಯ ಹಾಡನ್ನು ಕೊನೆಯ ಸಾಲಿಗೆ ಮುಟ್ಟಿಸಲು ನಟನ ಪುಪ್ಪುಸದ ಹೊರತು ಬೇರೆ ಯಂತ್ರವಿರಲಿಲ್ಲ.

ಮೈಕಿಲ್ಲದ ಆ ರಂಗಭೂಮಿಯ ವ್ಯಾಕರಣವೆಲ್ಲ ಈ ಒಂದು ಕೊರತೆಯಿಂದ ಹುಟ್ಟಿದ್ದೆಂದು ನನಗನಿಸುತ್ತದೆ. ನಟ ಎದುರಾಳಿಯೊಡನೆ ಮಾತನಾಡುವಾಗಲೂ ಪ್ರೇಕ್ಷಕರ ಕಡೆಗೇ ಮುಖ ಮಾಡುತ್ತಿದ್ದ. ಸ್ವರಗಳನ್ನು ಎಳೆದು, ವ್ಯಂಜನಗಳನ್ನು ಕಲ್ಲಿನಂತೆ ಎಸೆಯುತ್ತಿದ್ದ. ಶ್ರುತಿ ಏರಿಸುತ್ತಿದ್ದ, ಎತ್ತರದ ದನಿ ಗದ್ದಲವನ್ನು ಸೀಳಿಕೊಂಡು ಹೋಗುತ್ತದೆ. ಆರ್ಗನ್ ಅಥವಾ ಕಾಲು ಹಾರ್ಮೋನಿಯಂ ಹಿಂದಿನಿಂದ ಆ ದನಿಯನ್ನು ಹೊತ್ತು ನಿಲ್ಲುತ್ತಿತ್ತು. ಬಾಲಗಂಧರ್ವರ ಗಾಯನದ ಹಿಂದಿದ್ದ ಆರ್ಗನ್ನಿನ ನಾದವನ್ನು ಹಳೆಯ ಧ್ವನಿಮುದ್ರಿಕೆಗಳಲ್ಲಿ ಇಂದೂ ಕೇಳಬಹುದು. ಅವರ ಹೆಸರಿಗೆ ಕಾಲುಪಾಲು ಹೆಚ್ಚೆಂಬಂತೆ ‘ಸವಾಯಿ ಗಂಧರ್ವ’ ಎಂದು ಕರೆಸಿಕೊಂಡ ಕುಂದಗೋಳದ ರಾಮಭಾವು (1886–1952) ಕೂಡ ಮರಾಠಿ ರಂಗದ ಸ್ತ್ರೀಪಾತ್ರಗಳಲ್ಲಿ ಬೆಳಗಿದವರು. ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು ಇಬ್ಬರೂ ಎಳವೆಯಲ್ಲಿ ನಾಟಕ ಕಂಪನಿಗಳಲ್ಲಿ ಹಾಡಿದವರೇ. ಧಾರವಾಡದ ಗಾಯಕರ ತುಂಬುದನಿಯನ್ನು ನಾವು ಮಣ್ಣಿನ ಗುಣ, ಮಳೆಯ ಗುಣ ಎನ್ನುತ್ತೇವೆ. ಅದರಲ್ಲಿ ಕೊನೆಯ ಸಾಲಿನ ಕಿವಿಯ ಗುಣವೂ ಅಷ್ಟಿಷ್ಟು ಇರಬೇಕು.

ಧ್ವನಿವರ್ಧಕ ಅಮೆರಿಕದಲ್ಲಿ ಸಾರ್ವಜನಿಕವಾಗಿ ಮೊಳಗಿದ್ದು 1915ರ ಸುಮಾರಿಗೆ. 1930ರ ದಶಕದ ಹೊತ್ತಿಗೆ ನಮ್ಮ ಕಾಂಗ್ರೆಸ್ ಅಧಿವೇಶನಗಳಲ್ಲಿ ಮೋಟ್ವಾನೆಯವರ ‘ಶಿಕಾಗೋ ರೇಡಿಯೊ’ ಎಂದು ಬರೆದ ಮೈಕುಗಳು ಕಾಣಿಸಿಕೊಂಡವು. ಆ ಕಾಲದ ನಾಯಕರ ಛಾಯಾಚಿತ್ರಗಳಲ್ಲಿ ಆ ಅಕ್ಷರಗಳು ಎದ್ದು ಕಾಣುತ್ತವೆ. ಭಾಷಣಕಾರನಿಗೆ ಅದು ವರವಾಯಿತು, ಏಕೆಂದರೆ ಅವನು ನಿಂತಲ್ಲೇ ನಿಲ್ಲುವವನು. ಕುಳಿತು ಹಾಡುವ ಗಾಯಕನಿಗೂ ವರವೇ. ನಟನಿಗೆ ಮಾತ್ರ ಅದು ಗೂಟವಾಯಿತು. ಕಂಪನಿ ನಾಟಕ ನೋಡಿ ಬೆಳೆದವರಿಗೆ ನೆನಪಿರಬೇಕು: ರಂಗದ ಅಂಚಿನಲ್ಲಿ ಎರಡು ಮೂರು ಮೈಕು. ಕಾಡಿನಲ್ಲಿ ದಾರಿ ತಪ್ಪಿದ ನಾಯಕಿ ದಿಕ್ಕೆಟ್ಟು ಅಲೆದಲೆದು, ಮಾತು ಬಂದಾಗ ಮಾತ್ರ ದಾರಿ ತಪ್ಪದೆ ಮೈಕಿನ ಮುಂದೆಯೇ ಬಂದು ನಿಲ್ಲುತ್ತಿದ್ದಳು. ಪ್ರಾಣ ಬಿಡುವವನೂ ಅದರ ಬುಡದಲ್ಲೇ ಬೀಳುತ್ತಿದ್ದ.

ಈ ಗೂಟದ ಹಗ್ಗ ಕಡಿದದ್ದು ಎರಡನೆಯ ಮಹಾಯುದ್ಧದ ನಂತರ. ಇಂಗ್ಲೆಂಡಿನಲ್ಲಿ ರೆಜ್ ಮೂರ್ಸ್ ಎಂಬಾತ 1949ರಲ್ಲಿ ಮಂಜಿನ ಮೇಲೆ ಜಾರುತ್ತ ಆಡುವ ಪ್ರದರ್ಶನವೊಂದಕ್ಕೆ ತಂತಿಯಿಲ್ಲದ ಮೈಕು ಕಟ್ಟಿಕೊಟ್ಟ. ಜಾರುವವನು ಮೈಕಿನ ಮುಂದೆ ನಿಲ್ಲುವುದಾದರೂ ಹೇಗೆ! ಅಮೆರಿಕದ ಶೂರ್ ಕಂಪನಿಯ ‘ವ್ಯಾಗಬಾಂಡ್’ 1953ರಲ್ಲಿ ಬಂತು. ಹೆಸರಿಗೆ ಅಲೆಮಾರಿಯಾದರೂ ಅದರ ಅಲೆತ ಒಂದು ರಂಗದಗಲವನ್ನು ಹೆಚ್ಚು ಮೀರುತ್ತಿರಲಿಲ್ಲ. ಭೀಮಸೇನ ಜೋಶಿಯವರು ಗುರುಗಳ ನೆನಪಿಗಾಗಿ ಪುಣೆಯಲ್ಲಿ ಸವಾಯಿ ಗಂಧರ್ವ ಸಂಗೀತೋತ್ಸವ ಆರಂಭಿಸಿದ್ದೂ ಅದೇ 1953ರಲ್ಲಿ. ಎರಡಕ್ಕೂ ಸಂಬಂಧವಿಲ್ಲ, ಆದರೂ ಆ ಇಸವಿಯನ್ನು ಕಂಡಾಗ ನನ್ನ ಮನಸ್ಸು ಒಂದು ಗಳಿಗೆ ನಿಂತಿತು. 1957ರಲ್ಲಿ ಜರ್ಮನಿಯ ಸೆನ್‌ಹೈಸರ್ ಸಂಸ್ಥೆ ಅಲ್ಲಿನ ಪ್ರಸಾರ ಕೇಂದ್ರದೊಡನೆ ಸೇರಿ ಜೇಬಿನಲ್ಲಿಡುವಂಥದನ್ನು ತಂದಿತು. 1964ರ ‘ಮೈ ಫೇರ್ ಲೇಡಿ’ ಚಿತ್ರದಲ್ಲಿ ರೆಕ್ಸ್ ಹ್ಯಾರಿಸನ್ನರ ಕೊರಳಪಟ್ಟಿಯೊಳಗೆ ಇಂಥದೊಂದು ಮೈಕು ಅಡಗಿತ್ತು. ಉಚ್ಚಾರಣೆಯನ್ನು ತಿದ್ದುವ ಪ್ರೊಫೆಸರನ ಕಥೆಗೆ ಅದು ತಕ್ಕ ಜಾಗವೇ.

ನಮ್ಮಲ್ಲಿ ವೈರ್‌ಲೆಸ್ ಎಂದರೆ ಬಹುಕಾಲ ಪೊಲೀಸರದು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಇಂಥ ಉಪಕರಣವನ್ನು ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ಹಾಡು ಕೇಳುವ ರೇಡಿಯೊಗೂ ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿದ ತಲೆಮಾರು ನನ್ನ ತಂದೆಯದು. ಸರಕಾರಿ ನೌಕರನಾದ ನಾನು ಈ ಕಾಯಿದೆಯನ್ನು ಹಾಸ್ಯ ಮಾಡಲಾರೆ. ಆಕಾಶವೂ ಊರ ಕೆರೆಯಂತೆ. ಯಾರು ಎಲ್ಲಿ ಇಳಿಯಬೇಕೆಂಬ ಕಟ್ಟಳೆ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ನಮ್ಮ ಮಂತ್ರಿಗಳು ಅನುಭವಿಸಿದ್ದಾರೆ.

ಅಂದು ನಡೆದದ್ದು ಇಷ್ಟು. ಇಂಥ ಮೈಕುಗಳಲ್ಲಿ ಹೆಚ್ಚಿನವು ಎಫ್‌ಎಂ ರೀತಿಯವು. ಒಂದೇ ತರಂಗಾಂತರದಲ್ಲಿ ಎರಡು ಸಂಕೇತಗಳು ಬಂದರೆ ರಿಸೀವರ್ ಎರಡನ್ನೂ ಬೆರೆಸುವುದಿಲ್ಲ. ಬಲವಾದದ್ದನ್ನು ಹಿಡಿದು ಇನ್ನೊಂದನ್ನು ಕೈಬಿಡುತ್ತದೆ. ಮನುಷ್ಯನ ಮೈ ಬಹುಪಾಲು ನೀರು, ನೀರು ಈ ಅಲೆಗಳನ್ನು ಕುಡಿಯುತ್ತದೆ. ಮುಂದೆ ನಡುವಿಗೆ ಸಿಕ್ಕಿಸಿದ ಪೆಟ್ಟಿಗೆಯ ಸಂಕೇತ, ಮಂತ್ರಿ ಬೆನ್ನು ತಿರುಗಿಸಿದೊಡನೆ ಅವರ ಮೈಯ ಮರೆಯಲ್ಲೇ ಸೊರಗಿತು. ಆ ಸಂದಿನಲ್ಲಿ ಮದುವೆಮನೆ ನುಗ್ಗಿತು.

ಈ ವರ್ಷ ನಾಟಕಕ್ಕೆ ಎಂಟು ಮೈಕು ಬೇಕಾದಾಗ ಜವಾಬ್ದಾರಿಯನ್ನು ನಾನೇ ಹೊತ್ತೆ. ಎಂಟಕ್ಕೆ ಎಂಟು ಬೇರೆ ತರಂಗಾಂತರ ಕೊಟ್ಟರೆ ಮುಗಿಯಿತೆಂದು ತಿಳಿದಿದ್ದೆ, ಮುಗಿಯುವುದಿಲ್ಲ. 600 ಮತ್ತು 601 ಮೆಗಾಹರ್ಟ್ಸ್‌ನ ಎರಡು ಪೆಟ್ಟಿಗೆಗಳು ಹತ್ತಿರ ಬಂದರೆ 599ರಲ್ಲೂ 602ರಲ್ಲೂ ಹುಸಿ ಸಂಕೇತಗಳು ಹುಟ್ಟುತ್ತವೆ. ಹಾಗಾಗಿ ಸಾಲಾಗಿ ಸಮಾನ ಅಂತರದಲ್ಲಿ ಜೋಡಿಸಿದರೆ ಒಬ್ಬರ ನೆರಳು ಇನ್ನೊಬ್ಬರ ಮೇಲೆ ಬೀಳುತ್ತದೆ. ಅಂತರಗಳು ಅಡ್ಡಾದಿಡ್ಡಿ ಇರಬೇಕು. 700ರ ಪಟ್ಟಿಯ ಅಲೆಗಳನ್ನು 2022ರ ಹರಾಜಿನಲ್ಲಿ ಮೊಬೈಲ್ ಕಂಪನಿ ಕೊಂಡಿದೆಯಾದ್ದರಿಂದ ಆ ಪಟ್ಟಿಯ ಹಳೆಯ ಸೆಟ್ಟು ಬೇಡವೆಂದು ಬಾಡಿಗೆಯವರಿಗೆ ಮೊದಲೇ ಹೇಳಿದೆ. ರಿಸೀವರ್‌ನ ಎರಡು ಆಂಟೆನಾಗಳನ್ನು ಪರದೆಯ ಹಿಂದಿನಿಂದ ತೆಗೆಸಿ, ನಟರ ತಲೆಗಿಂತ ಮೇಲೆ, ರಂಗ ನೇರವಾಗಿ ಕಾಣುವಂತೆ ಇರಿಸಿದೆವು. ಒಂದಕ್ಕೆ ಮರೆಯಾದರೆ ಇನ್ನೊಂದು ಹಿಡಿಯಬೇಕು. ಪ್ರತಿ ಪ್ರಯೋಗಕ್ಕೂ ಹೊಸ ಸೆಲ್. ಇಳಕಲ್ ಸೀರೆಗೆ ಜೇಬಿಲ್ಲ, ಕಚ್ಚೆಪಂಚೆಗೂ ಇಲ್ಲ; ಪೆಟ್ಟಿಗೆಗೆ ಬಟ್ಟೆಯ ಚೀಲ ಹೊಲಿಸಿ ಬೆನ್ನಹುರಿಯ ಪಕ್ಕಕ್ಕೆ ಕಟ್ಟಿಸಿದೆವು. ಮೈಕಿನ ಕಾಳನ್ನು ಅಂಗಿಯೊಳಗೆ ಹುದುಗಿಸಿದರೆ ಸ್ವರಗಳು ಉಳಿದು ವ್ಯಂಜನಗಳ ಮೊನೆ ಸವೆಯುತ್ತದೆ. ಹಣೆಯ ಮೇಲ್ಗಡೆ, ಕೂದಲಂಚಿಗೆ ಅಂಟಿಸಿದ ಮೇಲೆ ಮಹಾಪ್ರಾಣಗಳು ಮರಳಿ ಬಂದವು. ಮನೆಯಲ್ಲಿ ಮಾತ್ರ ಕನ್ನಡ ಕೇಳುವ ಮಕ್ಕಳು ತುಂಬಿದ ಸಭೆಯಲ್ಲಿ ಈ ಸವೆತ ಸಣ್ಣದಲ್ಲ. ತಿಳಿದ ಕಿವಿ ಅಳಿದ ಅಕ್ಷರವನ್ನು ತಾನೇ ತುಂಬಿಕೊಳ್ಳುತ್ತದೆ. ಕಲಿಯುವ ಕಿವಿ ಏನು ಮಾಡೀತು?

ಇಷ್ಟಾದರೂ ಹಿರಿಯರ ದೂರು ಹಾಗೇ ಉಳಿಯಿತು. ತಂತಿಯಿಲ್ಲದ ಮೈಕು ನಟನ ಕಾಲನ್ನು ಬಿಡಿಸಿತು, ಬೆನ್ನು ತಿರುಗಿಸುವ ಸ್ವಾತಂತ್ರ್ಯ ಕೊಟ್ಟಿತು, ಪಿಸುಮಾತನ್ನು ನಿಜವಾದ ಪಿಸುಮಾತಾಗಿಸಿತು. ಅದಕ್ಕೆ ಪ್ರತಿಯಾಗಿ, ಎಷ್ಟು ಕೇಳಿಸಬೇಕೆಂಬ ತೀರ್ಮಾನವನ್ನು ಅವನ ಎದೆಗೂಡಿನಿಂದ ಕಿತ್ತು ಸಭಾಂಗಣದ ಹಿಂಬದಿಯಲ್ಲಿ ಕುಳಿತ ಮಿಕ್ಸರ್‌ನವನ ಬೆರಳಿಗೆ ಕೊಟ್ಟಿತು. ನಮ್ಮ ಮಿಕ್ಸರ್‌ನವನು ಚುರುಕಾದ ಹುಡುಗ, ಕಿವಿ ಸೂಕ್ಷ್ಮ, ಆದರೆ ಮರಾಠಿಯವನು. ಮಾತು ಯಾವಾಗ ಮುಗಿಯಿತು, ಯಾವುದು ನಿಟ್ಟುಸಿರು, ಯಾವುದು ಮುಂದಿನ ಮಾತಿಗೆ ಎಳೆದುಕೊಂಡ ಉಸಿರು ಎಂಬುದು ಅವನಿಗೆ ತಿಳಿಯುವುದು ಹೇಗೆ? ತಾಲೀಮಿನಲ್ಲಿ ಎರಡು ಸಲ ಮಂತ್ರಿಗಳ ಮೊದಲ ಪದ ನುಂಗಿಹೋಯಿತು. ಅವರು ನನ್ನ ಕಡೆ ನೋಡಿದರು, ಏನೂ ಅನ್ನಲಿಲ್ಲ.

ಕೊನೆಗೆ ನಮ್ಮ ಬಳಗದ ಕಾಲೇಜು ಹುಡುಗಿಯೊಬ್ಬಳನ್ನು ಅವನ ಪಕ್ಕ ಕೂರಿಸಿದೆವು. ಪುಣೆಯಲ್ಲೇ ಹುಟ್ಟಿದವಳು. ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಓದು ಮಾತ್ರ ನಿಧಾನ. ಮಾತಿನ ವೇಗಕ್ಕೆ ಕಣ್ಣು ಓಡದು. ಆದ್ದರಿಂದ ಇಡೀ ನಾಟಕವನ್ನು ಅವಳೇ ದೇವನಾಗರಿಯಲ್ಲಿ ಬರೆದುಕೊಂಡಳು. ಆ ಲಿಪಿಯಲ್ಲಿ ‘ಳ’ ಇದೆ. ನಮ್ಮ ಹ್ರಸ್ವ ಎ, ಒಗಳಿಗೆ ಸ್ಥಳವಿಲ್ಲ. ದೀರ್ಘ ಬಂದಲ್ಲೆಲ್ಲ ಅವಳು ಕೆಂಪು ಶಾಯಿಯಲ್ಲಿ ಮೇಲೊಂದು ಗೆರೆ ಎಳೆದಳು. ಪ್ರಯೋಗದ ಸಂಜೆ, ಒಬ್ಬೊಬ್ಬರ ಮಾತಿಗೂ ಒಂದು ಉಸಿರು ಮೊದಲು, ಅವಳ ಬೆರಳು ಆ ಹುಡುಗನ ಭುಜವನ್ನು ಮುಟ್ಟುತ್ತಿತ್ತು.