ಲೋಣಾರ್ ಉಪ್ಪುಕೆರೆ: ಗುಲಾಬಿ ಬಣ್ಣ ಬಂದದ್ದೇಕೆ, ಹೋದದ್ದೇಕೆ?

ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯ ಲೋಣಾರ್ ಸರೋವರ 2020ರ ಜೂನ್ ತಿಂಗಳಲ್ಲಿ ಇಡೀ ದೇಶದ ಗಮನ ಸೆಳೆಯಿತು. ಸಾಮಾನ್ಯವಾಗಿ ಹಸಿರಾಗಿ ಕಾಣುವ ಅದರ ನೀರು ಕೆಲವೇ ದಿನಗಳಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಆ ಚಿತ್ರಗಳನ್ನು ನೆನಪಿಟ್ಟುಕೊಂಡು ಹೋಗುವವರಿಗೆ ಈಗ ಕಾಣುವುದು ಹಸಿರು ನೀರು. ಹಾಗೆಂದು ಅಲ್ಲಿ ನೋಡಲು ಏನೂ ಇಲ್ಲವೆಂದಲ್ಲ. ಬಣ್ಣ ಏಕೆ ಬಂತು, ಏಕೆ ಹೋಯಿತು ಎಂಬುದನ್ನು ತಿಳಿದು ಹೋದರೆ ಕೆರೆ ಬೇರೆಯೇ ಆಗಿ ಕಾಣುತ್ತದೆ.

ಆಕಾಶದಿಂದ ಬಿದ್ದ ಕಲ್ಲು

ಲೋಣಾರ್ ಮನುಷ್ಯರು ಕಟ್ಟಿದ ಕೆರೆಯಲ್ಲ. ದಖ್ಖನ್ನಿನ ಕರಿಕಲ್ಲಿನ ನೆಲಕ್ಕೆ ಉಲ್ಕೆಯೊಂದು ಅಪ್ಪಳಿಸಿ ಉಂಟಾದ ಕುಳಿ ಇದು. ಕುಳಿಯ ಅಡ್ಡಳತೆ ಸುಮಾರು 1.8 ಕಿ.ಮೀ., ಅಂಚಿನಿಂದ ಆಳ ಸುಮಾರು 150 ಮೀಟರ್. ಬ್ರಿಟಿಷ್ ಅಧಿಕಾರಿ ಅಲೆಕ್ಸಾಂಡರ್ 1823ರಲ್ಲಿ ಇದನ್ನು ದಾಖಲಿಸಿದ. ಬಹಳ ಕಾಲ ಇದನ್ನು ಜ್ವಾಲಾಮುಖಿಯ ಬಾಯಿ ಎಂದೇ ನಂಬಲಾಗಿತ್ತು. ಭಾರೀ ಹೊಡೆತದಿಂದ ಮಾತ್ರ ಉಂಟಾಗುವ ಗಾಜಿನಂಥ ಖನಿಜ ಇಲ್ಲಿ ಸಿಕ್ಕಿದ್ದನ್ನು 1973ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ ಮೇಲೆ ಉಲ್ಕೆಯ ವಾದ ಗಟ್ಟಿಯಾಯಿತು. ಕುಳಿಯ ವಯಸ್ಸು ಸುಮಾರು 50 ಸಾವಿರ ವರ್ಷ ಎಂದು ಮೊದಲು ಎಣಿಸಲಾಗಿತ್ತು. ನಂತರದ ಆರ್ಗಾನ್ ಪರೀಕ್ಷೆ ಸುಮಾರು 5 ಲಕ್ಷ 70 ಸಾವಿರ ವರ್ಷ ಎಂದಿತು.

ಊರವರ ಕಥೆ ಬೇರೆ. ಇಲ್ಲಿ ಅಡಗಿದ್ದ ಲವಣಾಸುರನನ್ನು ವಿಷ್ಣು ಕೊಂದನಂತೆ. ಅವನಿಂದಲೇ ಊರಿಗೆ ಲೋಣಾರ್ ಎಂಬ ಹೆಸರು. ಪೇಟೆಯಲ್ಲಿರುವ ದೈತ್ಯಸೂದನ ದೇವಾಲಯ ಆ ವಿಷ್ಣುವಿನದೇ.

ಉಪ್ಪಿನ ಲೆಕ್ಕ

ಮಳೆನೀರು, ಹಳ್ಳದ ನೀರು, ಒರತೆಗಳ ನೀರು ಕುಳಿಗೆ ಇಳಿಯುತ್ತವೆ. ಆದರೆ ಹೊರಗೆ ಹರಿದುಹೋಗಲು ದಾರಿಯಿಲ್ಲ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಮತ್ತು ಸೋಡಾ ಉಳಿಯುತ್ತವೆ. ನೀರು ಬಸಿದುಹೋಗದ ಕಪ್ಪು ಹೊಲದಲ್ಲಿ ಬಿಳಿ ಸವಳು ಏಳುವುದನ್ನು ಕಂಡ ರೈತರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಕೆರೆಯ ನೀರಿನ ಪಿಎಚ್ ಸುಮಾರು 10, ಅಂದರೆ ಬಲವಾದ ಕ್ಷಾರ. ಸಾಬೂನು ಮತ್ತು ಗಾಜು ತಯಾರಿಸಲು ಬೇಕಾದ ಪದಾರ್ಥ ಇಲ್ಲಿ ಸಿಗುತ್ತದೆಂದು 16ನೇ ಶತಮಾನದ 'ಐನ್-ಇ-ಅಕ್ಬರಿ'ಯೇ ಹೇಳಿದೆ. ಇಂಥ ನೀರಿನಲ್ಲೂ ಬದುಕುವ ಸೂಕ್ಷ್ಮ ಪಾಚಿಯೇ ಕೆರೆಗೆ ಹಸಿರು ಬಣ್ಣ ಕೊಡುತ್ತದೆ.

2020ರ ಬೇಸಿಗೆಯಲ್ಲಿ ನೀರು ಇಳಿದು ಉಪ್ಪಿನಂಶ ಏರಿತು. ಬಣ್ಣ ಬದಲಾದ ಕಾರಣ ತಿಳಿಯಲು ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಸೂಚಿಸಿತು. ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆ ನೀರನ್ನು ಪರೀಕ್ಷಿಸಿ, ಉಪ್ಪನ್ನೇ ಬಯಸುವ 'ಹ್ಯಾಲೋಆರ್ಕಿಯಾ' ಎಂಬ ಸೂಕ್ಷ್ಮಜೀವಿಗಳು ವಿಪರೀತ ಬೆಳೆದದ್ದೇ ಕಾರಣ ಎಂದು ತಿಳಿಸಿತು. ಗುಲಾಬಿ ವರ್ಣದ್ರವ್ಯ ಇರುವುದು ಆ ಜೀವಿಗಳ ಮೈಯಲ್ಲಿ. ತಂದ ನೀರನ್ನು ಅಲುಗಾಡಿಸದೆ ಇಟ್ಟಾಗ ಬಣ್ಣವೆಲ್ಲ ತಳಕ್ಕೆ ಕುಳಿತು ಮೇಲಿನ ನೀರು ತಿಳಿಯಾಯಿತು. ಮಳೆ ಬಂದು ಉಪ್ಪು ತೆಳುವಾದಂತೆ ಕೆರೆ ಮೊದಲಿನ ಬಣ್ಣಕ್ಕೆ ಮರಳಿತು.

ಗುಲಾಬಿ ಬಣ್ಣಕ್ಕೇ ಹೆಸರಾದ ಕೆರೆಗಳೂ ಇದೇ ಲೆಕ್ಕಕ್ಕೆ ಒಳಪಟ್ಟಿವೆ. ಆಫ್ರಿಕಾದ ಸೆನೆಗಲ್ ದೇಶದ ರೆಟ್ಬಾ ಸರೋವರಕ್ಕೆ 2022ರಲ್ಲಿ ನೆರೆನೀರು ನುಗ್ಗಿ, ಅದು ಬಣ್ಣ ಕಳೆದುಕೊಂಡಿತು.

ಕೆರೆಗೆ ಅಪಾಯ ಎಲ್ಲಿಂದ?

ಗುಲಾಬಿ ಬಣ್ಣ ಕಂಡು ಹಲವರು ಕೇಡಿನ ಸೂಚನೆ ಎಂದು ಹೆದರಿದ್ದರು. ಅಪಾಯ ಇರುವುದು ಬಣ್ಣದಲ್ಲಲ್ಲ. ಲೋಣಾರ್ ಪಟ್ಟಣದ ಕೊಳಚೆ ನೀರು ಕೆರೆಗೆ ಸೇರುವುದು, ಕುಳಿಯ ಇಳಿಜಾರನ್ನು ಬಳ್ಳಾರಿ ಜಾಲಿ ಆವರಿಸುವುದು, ಇವು ವರ್ಷಗಳ ಕಾಲ ನ್ಯಾಯಾಲಯದವರೆಗೆ ಹೋದ ದೂರುಗಳು. ಸಿಹಿನೀರು ಅಥವಾ ಕೊಳಚೆ ಮಿತಿಮೀರಿ ಸೇರಿದರೆ ಉಪ್ಪು ಕರಗಿ ತೆಳುವಾಗುತ್ತದೆ. ಆಗ ಈ ಕ್ಷಾರದಲ್ಲೇ ಬಾಳುವ ಜೀವಿಗಳಿಗೆ ನೆಲೆ ತಪ್ಪುತ್ತದೆ. 1979ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, 2000ದಲ್ಲಿ ವನ್ಯಜೀವಿ ಧಾಮ, 2020ರಲ್ಲಿ ರಾಮ್‌ಸರ್ ಪಟ್ಟಿಯ ಜೌಗುಪ್ರದೇಶ ಎಂಬ ಮಾನ್ಯತೆಗಳು ಸಿಕ್ಕಿವೆ. ಕೆರೆ ಉಳಿಯಬೇಕಾದರೆ ಇವುಗಳ ಜೊತೆಗೆ ಊರಿನ ಚರಂಡಿಯೂ ಸರಿಯಾಗಬೇಕು.

ಹೋಗುವವರಿಗೆ

ಸೊಲ್ಲಾಪುರ, ಅಕ್ಕಲಕೋಟ ಭಾಗದವರು ತುಳಜಾಪುರ, ಬೀಡ, ಜಾಲನಾ, ಮಂಠಾ ದಾರಿಯಾಗಿ ಲೋಣಾರ್ ತಲುಪಬಹುದು. ರೈಲಿನಲ್ಲಿ ಜಾಲನಾಕ್ಕೆ ಬಂದು ಅಲ್ಲಿಂದ ರಸ್ತೆ ಹಿಡಿಯಬಹುದು. ಮಳೆಗಾಲ ಮುಗಿದ ಮೇಲಿನ ಚಳಿಯ ತಿಂಗಳುಗಳು ಅನುಕೂಲ. ಕುಳಿಯ ಅಂಚಿನಲ್ಲಿ ವರ್ಷವಿಡೀ ಹರಿಯುವ ಸಿಹಿನೀರಿನ ಒರತೆಯಿದೆ. ಮರಾಠಿಯಲ್ಲಿ ಅದಕ್ಕೆ 'ಧಾರ' ಎನ್ನುತ್ತಾರೆ. ಕನ್ನಡದ ಧಾರೆಯೇ ಅದು. ಭಕ್ತರು ಸ್ನಾನ ಮಾಡುವುದು ಅಲ್ಲಿ. ಕೆಳಗೆ ದಡದ ಬಳಿ ಕಮಳಜಾ ದೇವಿಯ ಗುಡಿಯಿದೆ. ನೀರು ಏರಿದಾಗ ದಡದ ದಾರಿ ಮುಳುಗುವುದರಿಂದ ಇಳಿಯುವ ಮೊದಲು ಅರಣ್ಯ ಇಲಾಖೆಯವರನ್ನು ವಿಚಾರಿಸುವುದು ಒಳ್ಳೆಯದು. ಇಳಿಯುವುದು ಸುಲಭ, ಏರುವುದು ಕಷ್ಟ. ಕುಡಿಯುವ ನೀರು ಜೊತೆಗಿರಲಿ. ಕೆರೆಯ ಹತ್ತಿರ ಕೊಳೆತ ಮೊಟ್ಟೆಯಂಥ ವಾಸನೆ ಬರಬಹುದು. ಪೂಜೆಯ ಹೂವು, ಪ್ಲಾಸ್ಟಿಕ್ ಚೀಲಗಳನ್ನು ನೀರಿಗೆ ಹಾಕಬಾರದು. ಹೊರಗೆ ಹರಿಯದ ಕೆರೆಯಾದ್ದರಿಂದ ಹಾಕಿದ್ದೆಲ್ಲ ಅಲ್ಲೇ ಉಳಿಯುತ್ತದೆ.