ಗುರು ಸಿಗದವನ ಪಾಠಪುಸ್ತಕ

ಗಿಟಾರ್ ಚರಿತ್ರೆ ಅಂದ್ರೆ ನಮಗೆ ನೆನಪಾಗೋದು ವೇದಿಕೆ ಮೇಲಿನವರೇ. ನನಗೆ ಮಾತ್ರ ಮೆಲ್ ಬೇ ಎಂಬ ಮೇಷ್ಟ್ರ ಕಥೆಯೇ ದೊಡ್ಡದು ಅನ್ನಿಸುತ್ತೆ.

1913ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಬಂಕರ್ ಎಂಬ ಪುಟ್ಟ ಊರಲ್ಲಿ ಹುಟ್ಟಿದ ಈತ 13ನೇ ವಯಸ್ಸಿಗೆ ಗಿಟಾರ್ ಕೊಂಡ. ಹೇಳಿಕೊಡೋರು ಸುತ್ತಮುತ್ತ ಯಾರೂ ಇರಲಿಲ್ಲ. ನುಡಿಸುವವರ ಬೆರಳು ನೋಡಿ ನೋಡಿಯೇ ಕಲಿತ. ಮುಂದೆ ಸೇಂಟ್ ಲೂಯಿಸ್‌ನಲ್ಲಿ ಬ್ಯಾಂಡುಗಳಲ್ಲಿ ನುಡಿಸುತ್ತಾ ಪಾಠವನ್ನೂ ಹೇಳಿಕೊಟ್ಟ.

ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರ ಕಲಿಕೆಯ ಖರ್ಚನ್ನು ಅಲ್ಲಿನ ಸರ್ಕಾರ ಹೊತ್ತಿತ್ತು. ಅವರಲ್ಲಿ ಗಿಟಾರ್ ಕಲಿಯಬೇಕೆಂದವರೂ ಇದ್ದರು. ಅವರಿಗಾಗಿ ಪಾಠ ಬರೆದ ಬೇ, 1947ರಲ್ಲಿ ಸ್ವಂತ ಪ್ರಕಾಶನವನ್ನೇ ತೆರೆದ. ಊರೂರು ಸುತ್ತಿ ಮೇಷ್ಟ್ರುಗಳಿಗೆ ಪುಸ್ತಕ ತೋರಿಸಿದ.

ಅವನ ‘ಮಾಡರ್ನ್ ಗಿಟಾರ್ ಮೆಥಡ್’ನ ದಾರಿ ಸರಳ. ಮೊದಲ ತಂತಿ, ಮೂರೇ ಸ್ವರ. ಅದು ಕೈಗೆ ಹತ್ತಿದ ಮೇಲೆ ಎರಡನೇ ತಂತಿ. ಸ್ವರಲಿಪಿ ಓದೋದೂ ಜೊತೆಜೊತೆಗೇ.

ನೋಡಿ ಕಲಿತವನು ಓದಿ ಕಲಿಯಿರಿ ಅಂತ ಯಾಕೆ ಪಟ್ಟು ಹಿಡಿದ? ನನಗನ್ನಿಸೋದು ಇಷ್ಟು: ನುಡಿಸುವವರೇ ಇಲ್ಲದ ಊರಲ್ಲಿ ಹುಡುಗ ಯಾರ ಬೆರಳು ನೋಡ್ತಾನೆ? ಕಾಗದಕ್ಕಿಳಿದ ಪಾಠವಾದರೆ ಅಂಚೆಯಲ್ಲಾದರೂ ಅವನ ಮನೆ ತಲುಪುತ್ತೆ. ಬೇ 1997ರಲ್ಲಿ ತೀರಿಕೊಂಡ. ಅವನ ಪುಸ್ತಕದಿಂದ ಇವತ್ತಿಗೂ ಯಾರೋ ಮೊದಲ ತಂತಿ ಮೀಟುತ್ತಿರುತ್ತಾರೆ.