ಕಡಲಾಚೆ ಮರೆತ ಹಾಡುಗಳು

ಪುಣೆಯಿಂದ ನಗರ ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್ ಸಾಗಿದರೆ ರಾಂಜಣಗಾಂವ. ಅಷ್ಟವಿನಾಯಕರಲ್ಲೊಬ್ಬನಾದ ಮಹಾಗಣಪತಿಯ ಸನ್ನಿಧಿಯೆಂದು ನಮ್ಮ ಓದುಗರಿಗೆಲ್ಲ ಪರಿಚಿತವಾದ ಊರು. ಈಚಿನ ದಶಕಗಳಲ್ಲಿ ಅಲ್ಲಿ ದೊಡ್ಡ ಕೈಗಾರಿಕಾ ವಸಾಹತು ಬೆಳೆದಿದೆ. ವಿಜಯಪುರ, ಬಾಗಲಕೋಟೆ, ಧಾರವಾಡದ ಕಡೆಯಿಂದ ಬಂದ ಕೆಲವು ಕನ್ನಡ ಕುಟುಂಬಗಳೂ ಬಿಡಾರ ಹೂಡಿವೆ. ದರ್ಶನದ ನೆಪದಲ್ಲಿ ಪುಣೆಯ ನಾವು ನಾಲ್ಕಾರು ಮಂದಿ ಅಲ್ಲಿಗೆ ಹೋದಾಗ ಊಟದ ನಂತರ ಒಂದು ಚರ್ಚೆ ತಪ್ಪದೆ ನಡೆಯುತ್ತದೆ. ಲೋಕವೆಲ್ಲ ಮರೆತಿರುವ, ಆದರೆ ತನಗೆ ಬಲು ಪ್ರಿಯವಾದ ಒಂದು ಬ್ರಿಟಿಷ್ ಪಾಪ್ ಹಾಡನ್ನು ಒಬ್ಬರು ಮುಂದಿಡಬೇಕು. ಅದು ನಿಜಕ್ಕೂ ಮರೆತ ಹಾಡೇ, ನೆನಪಿಡಲು ಯೋಗ್ಯವೇ ಎಂದು ಉಳಿದವರು ವಾದಿಸಬೇಕು. ಇದನ್ನು ಹಚ್ಚಿಕೊಟ್ಟವರು ಹುಬ್ಬಳ್ಳಿಯ ರೈಲ್ವೆ ಕಾಲೊನಿಯಲ್ಲಿ ಬೆಳೆದ ಒಬ್ಬ ಹಿರಿಯರು.

ಈ ಆಟಕ್ಕೆ ವಿರೋಧವೂ ಇಲ್ಲದಿಲ್ಲ. ಒಮ್ಮೆ ಬಾಗಲಕೋಟೆಯ ಮಿತ್ರರೊಬ್ಬರು ನೇರವಾಗಿಯೇ ಕೇಳಿದರು: "ಅಲ್ರೀ ಕಾಕಾ, ಸಂಘದ ಹೆಸರಿನ್ಯಾಗ ಕನ್ನಡ ಅಂತ ಐತಿ. ನೀವು ನೋಡಿದ್ರ ಇಂಗ್ರೇಜಿ ಹಾಡಿಗೆ ತಲಿ ಅಲ್ಲಾಡಸಾಕತ್ತೀರಿ. ಮಕ್ಕಳಿಗೆ ಏನ್ ಕಲಿಸಿದಂಗಾತು?" ಹಿರಿಯರು ಸಿಟ್ಟಾಗಲಿಲ್ಲ. "ತಮ್ಮಾ, ನಾ ಆ ಹಾಡು ಕೇಳಿದ್ದು ಲಂಡನ್ನಿನ್ಯಾಗ ಅಲ್ಲ, ಹುಬ್ಬಳ್ಳ್ಯಾಗ. ನಮ್ಮವ್ವ ರೊಟ್ಟಿ ಬಡಿಯೋ ಹೊತ್ತಿನ್ಯಾಗ ಬಾಜೂಮನಿಯಿಂದ ಬರತಿತ್ತು," ಎಂದರು. ನನಗೆ ಈ ಉತ್ತರ ಸರಿಯೆನಿಸಿತು. ಆ ಹಾಡುಗಳು ನಮ್ಮ ಮನೆಗಳಿಗೆ ಹೇಗೆ ಬಂದವು, ಹುಟ್ಟಿದ ನಾಡಿನಲ್ಲಿ ಮರೆತುಹೋದ ಮೇಲೂ ನಮ್ಮಲ್ಲಿ ಏಕೆ ಉಳಿದವು ಎಂಬುದು ನಮ್ಮ ಕುಟುಂಬಗಳ ಚರಿತ್ರೆಯೂ ಹೌದು. ಆ ಚರಿತ್ರೆ ಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಬರೆದಿಡುವುದು ಒಳ್ಳೆಯದು.

ಮೊದಲು ರೇಡಿಯೋ ವಿಷಯ. 1952ನೆಯ ವರ್ಷ ಇಲ್ಲಿ ಮುಖ್ಯ. ಆ ವರ್ಷ ಬಿ. ವಿ. ಕೇಸ್ಕರ್ ಅವರು ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಗಳಾದರು. ಚಿತ್ರಗೀತೆಗಳಿಗೆ ಆಕಾಶವಾಣಿಯ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಕೇಳುಗರು ರೇಡಿಯೋ ಸಿಲೋನಿನತ್ತ ಮುಳ್ಳು ತಿರುಗಿಸಿದರು. ಡಿಸೆಂಬರ್ 3ರಂದು ಬಿನಾಕಾ ಗೀತಮಾಲಾ ಅಲ್ಲಿಂದ ಆರಂಭವಾಯಿತು. ಅದಕ್ಕೆ ಸುಮಾರು ಮೂರು ವಾರ ಮೊದಲು, ನವೆಂಬರ್ 14ರಂದು, ಲಂಡನ್ನಿನ ಒಂದು ಸಂಗೀತ ವಾರಪತ್ರಿಕೆ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಹಾಡುಗಳ ಮೊದಲ ಪಟ್ಟಿಯನ್ನು ಅಚ್ಚುಹಾಕಿತ್ತು. ಆ ಪಟ್ಟಿ ಮತ್ತು ಈ ಕಾರ್ಯಕ್ರಮ ಕಡಲಿನ ಎರಡು ದಂಡೆಗಳಲ್ಲಿ ಹೀಗೆ ಒಂದೇ ಚಳಿಗಾಲದಲ್ಲಿ ಹುಟ್ಟಿದವು. ವಿವಿಧ ಭಾರತಿ ಬಂದದ್ದು 1957ರ ಅಕ್ಟೋಬರಿನಲ್ಲಿ. ಅಷ್ಟರೊಳಗೆ ಕೊಲಂಬೊ ಕೇಂದ್ರ ನಮ್ಮ ಮನೆಗಳ ಸದಸ್ಯನೇ ಆಗಿಬಿಟ್ಟಿತ್ತು. ಹಿಂದಿ ಹಾಡು ಹುಡುಕುವಾಗ ಮುಳ್ಳು ತುಸು ಆಚೀಚೆ ಆದರೆ ಇಂಗ್ಲಿಷ್ ಹಾಡು ಕೇಳಿಸುತ್ತಿತ್ತು. ಹಾಗೆಯೇ ಕಿವಿಗೆ ಬಿದ್ದವು ಅನೇಕ.

ವಿಜ್ಞಾನ ಓದಿದವನಾದ್ದರಿಂದ ಇಲ್ಲಿ ಒಂದು ಮಾತು ಸೇರಿಸುವ ಆಸೆ. ಕಿರುತರಂಗ ಪ್ರಸಾರವು ನೇರವಾಗಿ ನಮ್ಮ ಮನೆಗೆ ಬರುವುದಿಲ್ಲ. ವಾಯುಮಂಡಲದ ಮೇಲ್ಭಾಗದಲ್ಲಿ ವಿದ್ಯುತ್ಕಣಗಳಿಂದ ಕೂಡಿದ ಪದರಕ್ಕೆ ತಾಗಿ ಬಾಗಿ ಕೆಳಗಿಳಿಯುತ್ತದೆ. ಆ ಪದರ ಹೊತ್ತುಹೊತ್ತಿಗೂ ಏರಿಳಿಯುವುದರಿಂದ ಧ್ವನಿ ಅಲೆಯಂತೆ ಉಬ್ಬಿ ತಗ್ಗುತ್ತದೆ. ಹಾಡು ಕೇಳಿಸುತ್ತದೆ, ಹಾಡಿದವರ ಹೆಸರು ಹೇಳುವ ಹೊತ್ತಿಗೆ ಬರೀ ಕೊರ್ರೆಂಬ ಸದ್ದು. ನಮ್ಮ ಹಿರಿಯರಿಗೆ ರಾಗ ಪೂರ್ತಿ ನೆನಪಿದ್ದು ಗಾಯಕನ ಹೆಸರು ತಿಳಿಯದಿರುವುದಕ್ಕೆ ಮರೆವಿಗಿಂತ ಈ ಪದರವೇ ಕಾರಣ. ರಾಂಜಣಗಾಂವದ ವಾದಗಳಲ್ಲಿ ಅರ್ಧ ಇದರಿಂದಲೇ ಹುಟ್ಟುತ್ತವೆ. ಒಬ್ಬರು ಗುನುಗುತ್ತಾರೆ, ಇನ್ನೊಬ್ಬರು ಹೆಸರು ಊಹಿಸುತ್ತಾರೆ, ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಹುಡುಕಿ ಇಬ್ಬರದೂ ತಪ್ಪೆಂದು ತೋರಿಸುತ್ತಾಳೆ.

ಎರಡನೆಯ ದಾರಿ ಗ್ರಾಮಫೋನ್ ತಟ್ಟೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಕರಿಯ ತಟ್ಟೆಗಳ ಮುಖ್ಯ ವಸ್ತು ಅರಗು. ಮುತ್ತುಗ, ಕುಸುಮ ಮೊದಲಾದ ಮರಗಳ ಎಳೆಗೊಂಬೆಗಳ ಮೇಲೆ ಬದುಕುವ ಸಣ್ಣ ಕೀಟ ಸ್ರವಿಸುವ ಪದಾರ್ಥವದು. ಛೋಟಾ ನಾಗಪುರದ ಕಾಡಿನಲ್ಲಿ ಆದಿವಾಸಿಗಳು ಕೆರೆದು ಕೂಡಿಸಿದ ಅರಗು ಇಂಗ್ಲೆಂಡಿಗೆ ಹೋಗಿ, ಕಲ್ಲಿನ ಪುಡಿ, ಮಸಿಗಳೊಡನೆ ಬೆರೆತು ತಟ್ಟೆಯಾಗುತ್ತಿತ್ತು. ಒಂದು ಮೈಗೆ ಸುಮಾರು ಮೂರು ನಿಮಿಷದ ಹಾಡು. ಪಾಪ್ ಹಾಡು ಮೂರು ನಿಮಿಷಕ್ಕೆ ಮುಗಿಯುವ ರೂಢಿ ಬೆಳೆದದ್ದೂ ಇದರಿಂದಲೇ. ಬ್ರಿಟನ್ನಿನಲ್ಲಿ 1960ರ ಹೊತ್ತಿಗೆ ಇಂಥ ತಟ್ಟೆಗಳ ಕಾಲ ಮುಗಿದು 45 ಸುತ್ತಿನ ಹಗುರ ತಟ್ಟೆ ಬಂದಿತ್ತು. ನಮ್ಮಲ್ಲಿ ಕೀಲಿ ತಿರುಗಿಸುವ ಗ್ರಾಮಫೋನುಗಳು ಇನ್ನೂ ಮನೆಗಳಲ್ಲಿದ್ದವು. ಹೀಗಾಗಿ 1960ರ ದಶಕದ ಮಧ್ಯದವರೆಗೂ ಬೀಟಲ್ಸ್ ತಂಡದ ಹಾಡುಗಳು ಭಾರತದಲ್ಲಿ 78 ಸುತ್ತಿನ ತಟ್ಟೆಗಳಾಗಿ ಹೊರಬಂದವು. ಇಂಗ್ಲೆಂಡಿನವರೇ ಕಾಣದ ಆ ತಟ್ಟೆಗಳನ್ನು ಇಂದು ಸಂಗ್ರಾಹಕರು ದೊಡ್ಡ ಬೆಲೆ ಕೊಟ್ಟು ಹುಡುಕುತ್ತಾರೆ. ನಿಮ್ಮ ಊರ ಮನೆಯ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಹಳೆ ಸಾಮಾನಿನವನಿಗೆ ಕೊಡುವ ಮುನ್ನ ಒಮ್ಮೆ ತೆರೆದು ನೋಡುವುದು ಲೇಸು.

ಇನ್ನು ಹಾಡಿದವರ ವಿಷಯ. ನನಗೆ ಎಲ್ಲಕ್ಕಿಂತ ಹೆಚ್ಚು ಬೆರಗು ತಂದದ್ದು ಇದೇ. ಬ್ರಿಟಿಷ್ ಪಾಪ್ ಎಂದು ನಾವು ಕರೆಯುವ ಹಾಡುಗಳನ್ನು ಹಾಡಿದ ಹಲವರು ಹುಟ್ಟಿದ್ದು ಈ ಮಣ್ಣಿನಲ್ಲಿ. ಕ್ಲಿಫ್ ರಿಚರ್ಡ್ ಹುಟ್ಟಿದ್ದು 1940ರಲ್ಲಿ ಲಖನೌದಲ್ಲಿ. ಅವರ ಕುಟುಂಬ ಹಡಗು ಹತ್ತಿದ್ದು 1948ರಲ್ಲಿ. ಎಂಗಲ್ಬರ್ಟ್ ಹಂಪರ್ಡಿಂಕ್ ಎಂಬ ನಾಲಗೆ ತೊಡರುವ ಹೆಸರಿನವರು 1936ರಲ್ಲಿ ಮದರಾಸಿನಲ್ಲಿ ಹುಟ್ಟಿದ ಆರ್ನಲ್ಡ್ ಡಾರ್ಸಿ. ಆ ಹೆಸರನ್ನು ಒಬ್ಬ ಜರ್ಮನ್ ಸಂಗೀತಕಾರನಿಂದ ಎರವಲು ಪಡೆದರು. 1967ರಲ್ಲಿ ಅವರ 'ರಿಲೀಸ್ ಮಿ' ಹಾಡು ಮೊದಲ ಸ್ಥಾನದಲ್ಲಿ ಕುಳಿತು ಬೀಟಲ್ಸರನ್ನೇ ಎರಡನೆಯ ಸ್ಥಾನದಲ್ಲಿ ತಡೆಯಿತು. ಬೀಟಲ್ಸರ ಮೊದಲಿನ ತಬಲಜಿ ಎನ್ನಬಹುದಾದ ಡ್ರಮ್ ವಾದಕ ಪೀಟ್ ಬೆಸ್ಟ್ ಹುಟ್ಟಿದ್ದೂ ಮದರಾಸಿನಲ್ಲೇ, 1941ರಲ್ಲಿ. ತಂಡ ಪ್ರಸಿದ್ಧಿಗೆ ಬರುವ ಹೊಸ್ತಿಲಲ್ಲಿ, 1962ರ ಆಗಸ್ಟಿನಲ್ಲಿ, ಅವರನ್ನು ಕೈಬಿಡಲಾಯಿತು. ಪಾಪ, ಲೋಕದ ದುರದೃಷ್ಟವಂತರ ಪಟ್ಟಿಯಲ್ಲಿ ಅವರದು ಮೇಲಿನ ಹೆಸರು.

ನಮ್ಮ ಪುಣೆಗೆ ಇನ್ನೂ ಹತ್ತಿರದ ಕಥೆ ಪಂಚಗಣಿಯದು. ಜಾಂಜಿಬಾರಿನಲ್ಲಿ ಹುಟ್ಟಿದ ಫಾರೂಖ್ ಬಲ್ಸಾರಾ ಎಂಬ ಪಾರ್ಸಿ ಹುಡುಗ ಎಂಟು ವರ್ಷದವನಾಗಿದ್ದಾಗ ಅಲ್ಲಿಯ ಸೇಂಟ್ ಪೀಟರ್ಸ್ ಶಾಲೆಗೆ ಬಂದ. 1958ರಲ್ಲಿ ಸಹಪಾಠಿಗಳೊಡನೆ 'ಹೆಕ್ಟಿಕ್ಸ್' ಎಂಬ ತಂಡ ಕಟ್ಟಿ ಪಿಯಾನೋ ನುಡಿಸಿದ. ಅವರು ಅನುಕರಿಸುತ್ತಿದ್ದವರಲ್ಲಿ ಕ್ಲಿಫ್ ರಿಚರ್ಡ್ ಮುಖ್ಯರು. ಲಖನೌದಲ್ಲಿ ಹುಟ್ಟಿದವನು ಲಂಡನ್ನಿನಲ್ಲಿ ಹಾಡಿದ್ದನ್ನು ಸಹ್ಯಾದ್ರಿಯ ಬೆಟ್ಟದ ಮೇಲೆ ಆಫ್ರಿಕದ ಪಾರ್ಸಿ ಹುಡುಗ ನುಡಿಸಿದ. ಆ ಹುಡುಗ 1964ರಲ್ಲಿ ಇಂಗ್ಲೆಂಡಿಗೆ ಹೋಗಿ ಮುಂದೆ ಫ್ರೆಡ್ಡಿ ಮರ್ಕ್ಯುರಿ ಆದ! ನಮ್ಮ ಪಂಥದಲ್ಲಿ ಆತನಿಗೆ ಪ್ರವೇಶವಿಲ್ಲ. ಲೋಕ ಆತನನ್ನು ಮರೆತಿಲ್ಲವಷ್ಟೆ.

ನಿಜವಾದ ವಾದ ನಡೆಯುವುದು ಸಾರ್‌ಸ್ಟೆಡ್ ಸೋದರರ ಬಗ್ಗೆ. ಅವರ ತಂದೆತಾಯಿ ಬ್ರಿಟಿಷ್ ಆಡಳಿತದಲ್ಲಿ ಸರಕಾರಿ ನೌಕರರು; ಅಂದರೆ ನಮ್ಮ ಜಾತಿಯವರೇ! ಮಕ್ಕಳು ಡಾರ್ಜಿಲಿಂಗ್ ಬಳಿಯ ಕರ್ಸಿಯಾಂಗ್‌ನ ವಸತಿ ಶಾಲೆಯಲ್ಲಿ ಓದಿದರು. ತಂದೆ ತೀರಿಕೊಂಡ ಮೇಲೆ 1954ರಲ್ಲಿ ಕುಟುಂಬ ದಕ್ಷಿಣ ಲಂಡನ್ನಿಗೆ ಹೋಯಿತು. ಹಿರಿಯವನು ಈಡನ್ ಕೇನ್ ಎಂಬ ಹೆಸರಿನಲ್ಲಿ 1961ರಲ್ಲಿ ಮೊದಲ ಸ್ಥಾನ ಪಡೆದ. ದೆಹಲಿಯಲ್ಲಿ ಹುಟ್ಟಿದ ಪೀಟರ್ 1969ರಲ್ಲಿ 'ವೇರ್ ಡು ಯು ಗೋ ಟು, ಮೈ ಲವ್ಲಿ' ಹಾಡಿ ತಾನೂ ಮೊದಲ ಸ್ಥಾನಕ್ಕೇರಿದ. ಕಿರಿಯವ ರಾಬಿನ್ 1976ರಲ್ಲಿ ಮೂರನೆಯ ಸ್ಥಾನದವರೆಗೆ ಬಂದ. ಒಂದೇ ಮನೆಯ ಮೂವರು! ಆದರೂ ಇಂದು ಅವರ ಹೆಸರು ಹೇಳಿದರೆ ಗುರುತಿಸುವವರು ಕಡಿಮೆ.

ಪೀಟರನ ಹಾಡನ್ನು ಮುಂದಿಟ್ಟವರು ಗದಗಿನ ಒಬ್ಬ ತಾಯಿ. ಹಾಡು ಐದು ನಿಮಿಷದಷ್ಟು ಉದ್ದ, ಅಕಾರ್ಡಿಯನ್ನಿನ ಮೇಲೆ ಮೂರು ಮಾತ್ರೆಯ ನಿಧಾನ ನಡೆ. ಪ್ಯಾರಿಸಿನ ಸಿರಿವಂತ ಸಮಾಜದಲ್ಲಿ ಹೆಸರಾದ ಒಬ್ಬ ಹೆಣ್ಣನ್ನು ಅವಳ ಬಾಲ್ಯದ ಗೆಳೆಯ ಪ್ರಶ್ನಿಸುತ್ತಾನೆ. ಅವಳ ಉಡುಗೆ, ಅವಳ ಸ್ನೇಹಿತರು, ಅವಳ ರಜೆಯ ಊರುಗಳು ಎಲ್ಲ ವರ್ಣಿಸಿ, ಕೊನೆಗೆ ನೇಪಲ್ಸಿನ ಹಿತ್ತಿಲ ಓಣಿಯಲ್ಲಿ ಚಿಂದಿಯುಟ್ಟು ಬೇಡುತ್ತಿದ್ದ ಇಬ್ಬರು ಮಕ್ಕಳ ನೆನಪು ತೆಗೆಯುತ್ತಾನೆ. ಒಬ್ಬಳೇ ಮಲಗಿದಾಗ ನಿನ್ನ ಮನಸ್ಸು ಎಲ್ಲಿಗೆ ಹೋಗುತ್ತದೆ ಎಂಬುದೇ ಅವನ ಪ್ರಶ್ನೆ. ಎಳೆಯರೊಬ್ಬರು ಇದು ಬರೀ ಹೆಸರುಗಳ ಪಟ್ಟಿ, ಹೊಟ್ಟೆಕಿಚ್ಚಿನ ಹಾಡು ಎಂದರು. ಆ ತಾಯಿ ಒಪ್ಪಲಿಲ್ಲ. "ಹೊಟ್ಟಿಕಿಚ್ಚಲ್ಲಪ್ಪಾ ಅದು. ಊರು ಬಿಟ್ಟವರಿಗಷ್ಟ ತಿಳಿಯೂ ಮಾತು. ನಾನೂ ಮುಂಜಾನೆ ಮರಾಠಿ ಮಾತಾಡತೀನಿ, ಮಧ್ಯಾಹ್ನ ಹಿಂದಿ ಮಾತಾಡತೀನಿ. ರಾತ್ರಿ ಕಣ್ಣು ಮುಚ್ಚಿದ್ರ ನಮ್ಮ ಓಣಿ ಬಾವಿಕಟ್ಟಿನ ಕಾಣತದ," ಎಂದರು. ಕೆಲಹೊತ್ತು ಯಾರೂ ಮಾತಾಡಲಿಲ್ಲ. ಹನ್ನೆರಡು ವರ್ಷದವನಿದ್ದಾಗ ಭಾರತ ಬಿಟ್ಟ ಹುಡುಗ ಬರೆದ ಹಾಡು ಅದು ಎಂಬುದನ್ನು ಮರೆಯಬಾರದು. ಹಾಡಿನಲ್ಲಿ ಭಾರತದ ಹೆಸರೇ ಇಲ್ಲ. ಆದರೂ ಊರು ಬಿಟ್ಟವನ ಕೈಬರಹ ಅದರಲ್ಲಿದೆ ಎಂದು ನನಗೆ ತೋರುತ್ತದೆ. ಪೀಟರ್ 2017ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ, 1969ರಲ್ಲಿ, ಅವರ 'ಫ್ರೋಜನ್ ಆರೆಂಜ್ ಜ್ಯೂಸ್' ಎಂಬ ಇನ್ನೊಂದು ಹಾಡೂ ಮೊದಲ ಹತ್ತರೊಳಗೆ ಬಂದಿತ್ತು. ನಿಜವಾಗಿ ಮರೆತ ಹಾಡೆಂದರೆ ಅದು.

ಮುಂಬಯಿ ಕಡಲ ದಂಡೆಯೂ ಈ ಕಥೆಯಲ್ಲಿ ಬರುತ್ತದೆ. 1965ರಲ್ಲಿ ಕಿಂಕ್ಸ್ ತಂಡದವರು ಆಸ್ಟ್ರೇಲಿಯಕ್ಕೆ ಹೋಗುವ ದಾರಿಯಲ್ಲಿ ಮುಂಬಯಿಯಲ್ಲಿ ತಂಗಿದ್ದರು. ಬೆಳಗ್ಗೆ ಬಲೆ ಹೊತ್ತು ಹೋಗುತ್ತಿದ್ದ ಮೀನುಗಾರರ ಹಾಡು ತಂಡದ ರೇ ಡೇವಿಸ್ ಕಿವಿಗೆ ಬಿತ್ತು. ಅದೇ ವರ್ಷ ಬಂದ 'ಸೀ ಮೈ ಫ್ರೆಂಡ್ಸ್' ಹಾಡಿನಲ್ಲಿ ಗಿಟಾರು ತಂಬೂರಿಯಂತೆ ಒಂದೇ ಶ್ರುತಿ ಹಿಡಿದು ಮೊರೆಯುತ್ತದೆ. ಬೀಟಲ್ಸರು ಸಿತಾರ್ ನುಡಿಸಿದ ಹಾಡು ಹೊರಬರುವ ಕೆಲವು ತಿಂಗಳ ಮುಂಚಿನ ಮಾತಿದು. ಕೀರ್ತಿಯೆಲ್ಲ ಸಿತಾರಿಗೆ ಹೋಯಿತು. ಮೀನುಗಾರರ ಹಾಡನ್ನು ಕೇಳಿದವರು ಮೂಲೆಗಾದರು. ಈ ಹಾಡಿಗೆ ರಾಂಜಣಗಾಂವದಲ್ಲಿ ಪೂರ್ಣ ಬಹುಮತ ಸಿಕ್ಕಿತು. 1960ರ 'ಗುಡ್ನೆಸ್ ಗ್ರೇಷಿಯಸ್ ಮಿ'ಗೆ ಸಿಗಲಿಲ್ಲ. ಪೀಟರ್ ಸೆಲ್ಲರ್ಸ್ ಅದರಲ್ಲಿ ಭಾರತೀಯ ವೈದ್ಯನ ಉಚ್ಚಾರವನ್ನು ಅಣಕಿಸಿದ್ದಾರೆ. ಹಿರಿಯರು ನಕ್ಕರು, ವಿದೇಶದಲ್ಲಿ ಕೆಲಸ ಮಾಡಿ ಬಂದ ಇಂಜಿನಿಯರ್ ನಗಲಿಲ್ಲ. ನಾನು ಇಂಜಿನಿಯರರ ಪಕ್ಷ.

ಕನ್ನಡಕ್ಕೆ ಇಂಗ್ಲಿಷ್ ಹಾಡು ಹೊಸದೆಂದು ಮಾತ್ರ ಯಾರೂ ಹೇಳದಿರಲಿ. ಬಿ. ಎಂ. ಶ್ರೀಯವರು 'ಇಂಗ್ಲಿಷ್ ಗೀತಗಳು' ಸಂಕಲನದಿಂದ ನಮ್ಮ ಹೊಸಗಾವ್ಯದ ಹಾದಿಯನ್ನೇ ತೆರೆದರು. ನಾವು ಶಾಲೆಯಲ್ಲಿ ಕೈಮುಗಿದು ಹಾಡಿದ 'ಕರುಣಾಳು ಬಾ ಬೆಳಕೆ' 1833ರಲ್ಲಿ ನ್ಯೂಮನ್ ಎಂಬ ಇಂಗ್ಲಿಷ್ ಪಾದ್ರಿ ಬರೆದ ಗೀತೆಯ ಕನ್ನಡ ರೂಪ. ಅದನ್ನು ಪರಕೀಯವೆಂದು ಯಾರು ತಳ್ಳಿದ್ದಾರೆ? 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರಕ್ಕಾಗಿ ಜಿ. ಕೆ. ವೆಂಕಟೇಶ್ ಅವರ ಸಂಗೀತದಲ್ಲಿ ಡಾ. ರಾಜಕುಮಾರ್ ಅವರೇ ಇಂಗ್ಲಿಷ್ ಹಾಡೊಂದನ್ನು ಹಾಡಿದರು. ವರನಟರ ಆ ಹಾಡನ್ನು ಪಂಥಕ್ಕೆ ತಂದವರು ಬೇರಾರೂ ಅಲ್ಲ, ಮೊದಲು ವಿರೋಧಿಸಿದ್ದ ಬಾಗಲಕೋಟೆಯ ಮಿತ್ರರೇ! ಅದು ಬ್ರಿಟಿಷ್ ಅಲ್ಲ, ಯಾರೂ ಮರೆತೂ ಇಲ್ಲ ಎಂದು ಕಾನೂನು ತೆಗೆದವರ ಮಾತು ನಡೆಯಲಿಲ್ಲ. ಚಪ್ಪಾಳೆಯೊಡನೆ ಎರಡು ಸಲ ಹಾಕಿಸಿ ಕೇಳಿದೆವು.

ಸದ್ಯ ನಿಂತಿರುವ ವಾದ ಕಿರಿಯ ಸಾರ್‌ಸ್ಟೆಡ್ ರಾಬಿನನ ಹಾಡಿನದು. ಹಾಡಿದವನು ಭಾರತದಿಂದ ಹೋದ ಮನೆಯವನು, ಗೆದ್ದದ್ದು ಬ್ರಿಟನ್ನಿನಲ್ಲಿ, ಆದರೆ 'ಮೈ ರೆಸಿಸ್ಟೆನ್ಸ್ ಈಸ್ ಲೋ' ಎಂಬ ಆ ಹಾಡು ಮೂಲತಃ ಅಮೆರಿಕದ ಹೋಗಿ ಕಾರ್ಮೈಕಲ್ ಎಂಬ ಸಂಗೀತಕಾರರದು. 'ಹೋಗಿ' ಎಂಬ ಹೆಸರು ಕೇಳಿ ಮಕ್ಕಳು "ಎಲ್ಲಿಗೆ ಹೋಗಿ?" ಎಂದು ನಕ್ಕಿದ್ದೇ ನಕ್ಕಿದ್ದು. ಬರೆದವನ ದೇಶ ಎಣಿಸಬೇಕೋ, ಹಾಡಿದವನದೋ, ಕೇಳಿದವರದೋ? ಬರೆದವನದೆಂದರೆ 'ರಿಲೀಸ್ ಮಿ'ಯೂ ಅಮೆರಿಕಕ್ಕೇ ಹೋಗುತ್ತದೆ, ನಮ್ಮ ಮದರಾಸಿನವನ ಗೆಲುವಿನ ಲೆಕ್ಕ ಕೆಡುತ್ತದೆ. ಹುಬ್ಬಳ್ಳಿಯ ಹಿರಿಯರು ಕೇಳಿದವರ ಪಕ್ಷ. ಕಾಲೇಜಿನ ಹುಡುಗಿ ಬರೆದವನ ಪಕ್ಷ. ತೀರ್ಪು ಮುಂದಿನ ಸಂಕಷ್ಟಿಗೆ.